ತೆರೆಯದ ಫೋಲ್ಡರ್

ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಮೂಲೆಯಲ್ಲಿರುವ ಹಳೆಯ ಯಂತ್ರವೊಂದೇ ನಮ್ಮ ಸರ್ವರ್. ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರ ಪಾಡನ್ನು ಬಲ್ಲವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮಲಯಾಳದಲ್ಲಿ ಬಂದ ಅಭ್ಯಾಸ ಪತ್ರಿಕೆಗಳನ್ನು ನಾವೇ ಕನ್ನಡಿಸಿ, ಬೆರಳಚ್ಚು ಮಾಡಿ, ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಅದರೊಳಗಿದೆ.

ಹತ್ತನೆಯ ತರಗತಿಯ ಅಭ್ಯಾಸ ಪರೀಕ್ಷೆಗೆ ಎರಡೇ ದಿನಗಳಿದ್ದಾಗ ಗಣಿತದ ಟೀಚರ್ ಬಂದು, “ಮಾಷ್ಟ್ರೇ, ಪ್ರಶ್ನೆಪತ್ರಿಕೆಗಳ ಫೋಲ್ಡರ್ ತೆರೆಯುವುದಿಲ್ಲ, ಅನುಮತಿ ಇಲ್ಲ ಎನ್ನುತ್ತದೆ” ಎಂದರು. ನನ್ನ ಮೇಜಿನಿಂದ ನೋಡಿದೆ, ಸಲೀಸಾಗಿ ತೆರೆಯಿತು. ಮಧ್ಯಾಹ್ನ ಮತ್ತಿಬ್ಬರು ಅದೇ ದೂರು ತಂದರು. ಹಿಂದಿನ ವಾರ ಸರ್ವರಿನ ಧೂಳು ತೆಗೆದು ಮರಳಿ ಜೋಡಿಸಿದ್ದವರು ನಮ್ಮ ಕಿರಿಯ ಕಂಪ್ಯೂಟರ್ ಟೀಚರ್. ಅಧ್ಯಾಪಕರೆಲ್ಲರ ಎದುರಿಗೆ, “ತಿಳಿಯದಲ್ಲಿ ಕೈಹಾಕಿದರೆ ಹೀಗೆಯೇ” ಎಂದುಬಿಟ್ಟೆ. ಅವರು ಮರುಮಾತಾಡಲಿಲ್ಲ.

ಸಂಜೆ ಅವರೇ ಪರೀಕ್ಷೆಗೆ ಕುಳಿತರು, ನಾನು ಪಕ್ಕದಲ್ಲಿದ್ದೆ. ಬೇರೆ ಯಂತ್ರದಿಂದ ‘ಪಿಂಗ್’ ಕಳುಹಿಸಿದರು, ಸರ್ವರ್ ಉತ್ತರಿಸಿತು. ಹಾಗಾದರೆ ತಂತಿಯದು ತಪ್ಪಲ್ಲ. ಹೆಸರಿನ ಬದಲು ಅದರ ಅಂಕಿಯ ವಿಳಾಸದಿಂದಲೂ ಕರೆದು ನೋಡಿದರು, ಫಲ ಒಂದೇ. ಆದರೆ ಗಣಿತದ ಟೀಚರ ಹೆಸರಿನಲ್ಲಿಯೇ ಪಕ್ಕದ ಫೋಲ್ಡರುಗಳೆಲ್ಲ ತೆರೆದವು! ಪಾಸ್‌ವರ್ಡ್ ತಪ್ಪಿದ್ದರೆ ಒಂದೂ ತೆರೆಯಬಾರದಷ್ಟೆ.

ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವುದು ಮುಕ್ತ ತಂತ್ರಾಂಶವಾದ ಲಿನಕ್ಸ್. ಅದರಲ್ಲಿ ಕಡತ ಹಂಚುವ ‘ಸಾಂಬಾ’ವನ್ನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಹೊರತಂದರು. (ನಮ್ಮ ಸಾಂಬಾರಿಗೂ ಅದಕ್ಕೂ ಸಂಬಂಧವಿಲ್ಲ.) ಇಲ್ಲಿ ಬಾಗಿಲುಗಳು ಎರಡು: ಸಾಂಬಾ ಒಳಗೆ ಬಿಟ್ಟರೂ ಡಿಸ್ಕಿನ ಮೇಲಿನ ಫೋಲ್ಡರಿನ ಹಕ್ಕು ಬಿಡದಿದ್ದರೆ ಪ್ರವೇಶವಿಲ್ಲ. ಆ ಹಕ್ಕನ್ನು ಮೂರು ಅಂಕಿಗಳಲ್ಲಿ ಬರೆಯುತ್ತಾರೆ: ಮೊದಲನೆಯದು ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರಿಗೆ. ಓದಲು 4, ಬರೆಯಲು 2, ಒಳಹೋಗಲು 1; ಕೂಡಿದರೆ 7. ಉಳಿದ ಫೋಲ್ಡರುಗಳಿಗೆ 770 ಇತ್ತು; ಇದಕ್ಕೆ ಮಾತ್ರ 700. ಒಡೆಯನ ಹೆಸರಿನ ಜಾಗದಲ್ಲಿದ್ದುದು ನನ್ನ ಹೆಸರು.

“ಮಾಷ್ಟ್ರೇ, ಇದನ್ನು ನಿಮ್ಮ ಮೇಜಿನಿಂದ ಕಳುಹಿಸಿದ್ದೋ, ಇಲ್ಲಿಯೇ ಕುಳಿತು ಎತ್ತಿಟ್ಟದ್ದೋ?”

ಶನಿವಾರದ ನೆನಪಾಯಿತು. ಮಕ್ಕಳ ಕಣ್ಣಿಗೆ ಬೀಳದಿರಲೆಂದು ಬಿಗಿ ಮಾಡಿದ್ದ ನನ್ನ ಸ್ವಂತ ಫೋಲ್ಡರಿನಲ್ಲಿ ಪತ್ರಿಕೆಗಳನ್ನು ವಿಂಗಡಿಸಿ, ಸರ್ವರಿನ ಮುಂದೆಯೇ ಕುಳಿತು ಇಡಿಯ ಫೋಲ್ಡರನ್ನು ಹಂಚಿಕೆಯ ಜಾಗಕ್ಕೆ ಎತ್ತಿಟ್ಟಿದ್ದೆ. ಹಂಚಿಕೆಯ ದಾರಿಯಿಂದ ಹೊಸದಾಗಿ ಬಂದುದಕ್ಕೆ ಸಾಂಬಾ ನಾವು ಗೊತ್ತುಪಡಿಸಿದ ಹಕ್ಕನ್ನು ಕೊಡುತ್ತದೆ. ಹೀಗೆ ಎತ್ತಿಟ್ಟದ್ದು ಹಳೆಯ ಹಕ್ಕನ್ನೇ ಹೊತ್ತು ಬರುತ್ತದೆ. ನನಗೆ ತೆರೆದದ್ದೂ ಅದರಿಂದಲೇ.

“ಹಾಗಾದರೆ 777 ಮಾಡಿಬಿಡಿ” ಎಂದೆ ಅವಸರದಲ್ಲಿ. ಅವರು ಒಪ್ಪಲಿಲ್ಲ, ಆಗ ಮಕ್ಕಳ ಖಾತೆಗೂ ಪ್ರಶ್ನೆಪತ್ರಿಕೆ ತೆರೆಯುತ್ತಿತ್ತು. ಫೋಲ್ಡರನ್ನು ಅಧ್ಯಾಪಕರ ಗುಂಪಿಗೆ ಸೇರಿಸಿ 770 ಮಾಡಿದರು, ಒಳಗಿನ ಕಡತಗಳ ಹಕ್ಕನ್ನೂ ಸರಿಪಡಿಸಿದರು. ಗಣಿತದ ಟೀಚರ ಹೆಸರಿನಲ್ಲಿ ತೆರೆದು ನೋಡಿದ ಮೇಲೆಯೇ ಎದ್ದರು.

ಮರುದಿನ ಬೆಳಿಗ್ಗೆ ಅದೇ ಅಧ್ಯಾಪಕರ ಕೊಠಡಿಯಲ್ಲಿ, ಅಷ್ಟೇ ಜನರ ಎದುರಿಗೆ, ತಪ್ಪು ನನ್ನದೆಂದು ಹೇಳಿದೆ. “ಇರಲಿ ಮಾಷ್ಟ್ರೇ” ಎಂದರು ಆ ಟೀಚರ್. ಇನ್ನು ಶನಿವಾರ ಸರ್ವರಿನ ಮುಂದೆ ಕುಳಿತುಕೊಳ್ಳುವ ಮೊದಲು ತಮಗೊಂದು ಮಾತು ತಿಳಿಸಬೇಕೆಂದಷ್ಟೇ ಕೇಳಿಕೊಂಡರು.