ಗಾಯಗೊಂಡ ಕಾಲೂ ಅಮಾನತ್ತೇ

ಶರೀರವು ಅಲ್ಲಾಹನು ನಮ್ಮ ವಶಕ್ಕೆ ಒಪ್ಪಿಸಿರುವ ಅಮಾನತ್ತು ಎಂಬ ಮಾತನ್ನು ನಾವೆಲ್ಲರೂ ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಮದ್ಯ, ಗುಟ್ಕಾ, ಬೀಡಿಗಳ ವಿಷಯ ಬಂದಾಗ ಈ ಮಾತು ನಮಗೆ ನೆನಪಾಗುತ್ತದೆ. ಆದರೆ ಆಟದ ಬಯಲಿನಲ್ಲಿ ಮಗನ ಕಾಲು ಉಳುಕಿದಾಗ ಅದೇಕೋ ಮರೆತುಹೋಗುತ್ತದೆ.

ನಮ್ಮ ಸಾಸ್ವೆಹಳ್ಳಿಯ ಸುತ್ತಮುತ್ತ ಭತ್ತದ ಕೊಯ್ಲು ಮುಗಿಯುತ್ತಲೇ ಗದ್ದೆಬಯಲುಗಳು ಕ್ರಿಕೆಟ್ ಮೈದಾನಗಳಾಗುತ್ತವೆ. ಹುಡುಗರು ಅಸರ್ ನಮಾಝ್ ಮುಗಿಸಿ ಹೋದರೆ ಮಗ್ರಿಬ್‌ನ ಅಝಾನ್ ಕೇಳುವವರೆಗೂ ಆಡುತ್ತಾರೆ. ಆಡಲಿ. ಪ್ರವಾದಿವರ್ಯರು(ಸ) ತಮ್ಮ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದವರು. ಬಿಲ್ಲುಗಾರಿಕೆಯನ್ನೂ ಕುದುರೆ ಸವಾರಿಯನ್ನೂ ಪ್ರೋತ್ಸಾಹಿಸಿದವರು. ಆದರೆ ಗದ್ದೆಯ ನೆಲದಲ್ಲಿ ಕೂಳೆಯಿದೆ, ಬಿರುಕಿದೆ, ಬದುವಿದೆ. ಬರಿಗಾಲಿನಲ್ಲಿ ಓಡುವ ಹುಡುಗನ ಪಾದ ಹೊರಳುವುದು ಅಪರೂಪವೇನಲ್ಲ. ನಮ್ಮನ್ನು ಚಿಂತೆಗೀಡುಮಾಡುವುದು ಗಾಯವಲ್ಲ, ಗಾಯವಾದ ನಂತರ ನಡೆಯುವ ಸಂಗತಿಗಳು.

ಮೊದಲನೆಯದಾಗಿ, ಬೈಗುಳಕ್ಕೆ ಹೆದರಿ ಹುಡುಗನು ಗಾಯವನ್ನು ಅಪ್ಪನಿಂದ ಮುಚ್ಚಿಡುತ್ತಾನೆ. ಎರಡನೆಯದಾಗಿ, ಗೊತ್ತಾದ ಮೇಲೆ ಯಾರೋ ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವುತ್ತಾರೆ, ಎಳೆಯುತ್ತಾರೆ. ಮೂರನೆಯದಾಗಿ, ನೋವು ತುಸು ಇಳಿಯುತ್ತಲೇ ಅವನು ಮತ್ತೆ ಮೈದಾನಕ್ಕಿಳಿಯುತ್ತಾನೆ. ಈ ಮೂರೂ ಸೇರಿ ಸಣ್ಣ ಗಾಯವನ್ನು ಜೀವಮಾನದ ಊನವನ್ನಾಗಿ ಮಾಡಬಲ್ಲವು.

ನಮ್ಮಲ್ಲಿ ಓದಿ ಹೋದ ಹುಡುಗನೊಬ್ಬನಿಗೆ ಹೀಗೆಯೇ ಆಯಿತು. ಕಬಡ್ಡಿ ಆಡುವಾಗ ಅವನ ಮೊಣಕಾಲಿನೊಳಗೆ ಟಪ್ಪೆಂದು ಸದ್ದಾಯಿತು. ಇಶಾ ಹೊತ್ತಿಗೆ ಮಂಡಿ ಊದಿಕೊಂಡಿತು. ಮನೆಯಲ್ಲಿ ಎಣ್ಣೆ ನೀವಿದರು. ಇಪ್ಪತ್ತು ದಿನಗಳಲ್ಲಿ ನೋವು ಹೋಯಿತೆಂದು ಮತ್ತೆ ಆಡಿದನು. ಮಂಡಿ ಇನ್ನೆರಡು ಬಾರಿ ಜಾರಿತು. ಕೊನೆಗೆ ವೈದ್ಯರ ಬಳಿಗೆ ಹೋದಾಗ ಮೊಣಕಾಲಿನ ಅಸ್ಥಿರಜ್ಜು ಮಾತ್ರವಲ್ಲ, ಎಲುಬುಗಳ ನಡುವಿನ ಮೆತ್ತೆಯೂ ಹರಿದಿತ್ತು. ಟೈಲ್ಸ್ ಕೆಲಸ ಕಲಿಯುತ್ತಿದ್ದವನು ಈಗ ಕುಕ್ಕರಗಾಲಿನಲ್ಲಿ ಕೂರಲಾರ. ಹತ್ತೊಂಬತ್ತರ ಹರೆಯದಲ್ಲಿ ಮಸೀದಿಯ ಹಿಂದಿನ ಸಾಲಿನಲ್ಲಿ, ವೃದ್ಧರ ಪಕ್ಕದಲ್ಲಿ, ಕುರ್ಚಿಯ ಮೇಲೆ ನಮಾಝ್ ಮಾಡುತ್ತಾನೆ. ನೆಲಕ್ಕೆ ಹಣೆಯಿಡುವ ಸುಜೂದ್ ಎಷ್ಟು ದೊಡ್ಡ ಅನುಗ್ರಹವೆಂಬುದು ಅವನಿಗೆ ತಿಳಿದಷ್ಟು ನಮಗೆ ತಿಳಿದಿರಲಾರದು.

ಇಲ್ಲಿ ಅಬೂದಾವೂದ್‌ನಲ್ಲಿ ಜಾಬಿರ್(ರ)ರಿಂದ ವರದಿಯಾದ ಘಟನೆಯೊಂದನ್ನು ಮನನ ಮಾಡಬೇಕು. ಪ್ರಯಾಣದಲ್ಲಿದ್ದ ಒಬ್ಬರಿಗೆ ಕಲ್ಲು ತಗುಲಿ ತಲೆ ಒಡೆಯಿತು. ಬಳಿಕ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಸಾಕೇ ಎಂದು ಸಂಗಡಿಗರನ್ನು ಕೇಳಿದರು. ನೀರು ಲಭ್ಯವಿರುವಾಗ ರಿಯಾಯಿತಿ ಇಲ್ಲವೆಂದು ಅವರು ಹೇಳಿದರು. ಆ ವ್ಯಕ್ತಿ ಸ್ನಾನ ಮಾಡಿದರು, ಮೃತಪಟ್ಟರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ತೀವ್ರವಾಗಿ ಕೋಪಗೊಂಡರು. ಆ ಸಾವಿನ ಹೊಣೆಯನ್ನು ಸಂಗಡಿಗರ ಮೇಲೆಯೇ ಹೊರಿಸಿದರು. ತಿಳಿಯದಿದ್ದ ಮೇಲೆ ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಪ್ರಶ್ನೆಯೇ ಎಂಬ ಅರ್ಥದಲ್ಲಿ ಬೋಧಿಸಿದರು. ಸಂಗಡಿಗರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ಒಳ್ಳೆಯ ಉದ್ದೇಶವು ಅಜ್ಞಾನವನ್ನು ಮನ್ನಿಸಲಿಲ್ಲ. ಗಾಯಾಳುವಿನ ಕಾಲನ್ನು ತಿಳಿಯದೆ ಎಳೆಯುವ ಕೈಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಹಾಗಾದರೆ ತಿಳಿದವರು ಹೇಳುವುದೇನು? ಗಾಯವಾದ ಕ್ಷಣವೇ ಆಟ ನಿಲ್ಲಿಸಬೇಕು. ಮೊದಲ ಎರಡು ಮೂರು ದಿನ ಬಿಸಿ ಶಾಖವಾಗಲಿ ನೀವುವಿಕೆಯಾಗಲಿ ಕೂಡದು. ಒಳಗೆ ಹರಿದ ಸಣ್ಣ ರಕ್ತನಾಳಗಳಿಂದ ರಕ್ತಸ್ರಾವವೂ ಊತವೂ ಅವುಗಳಿಂದ ಹೆಚ್ಚುತ್ತವೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಹಿತವಾಗಿ ಪಟ್ಟಿ ಸುತ್ತಿ, ದಿಂಬಿನ ಮೇಲೆ ಕಾಲನ್ನು ಎತ್ತರಿಸಿಡಬೇಕು. ಬೆರಳುಗಳು ಜೋಮು ಹಿಡಿದರೆ, ತಣ್ಣಗಾದರೆ ಅಥವಾ ನೀಲಿಗಟ್ಟಿದರೆ ಪಟ್ಟಿಯನ್ನು ತಕ್ಷಣ ಸಡಿಲಿಸಬೇಕು. ಬಿದಿರ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ರಕ್ತಸಂಚಾರ ನಿಂತು ಕೈಕಾಲುಗಳನ್ನೇ ಕಳೆದುಕೊಂಡವರುಂಟು. ಪಾದ ಉಳುಕಿದವನು ನಾಲ್ಕು ಹೆಜ್ಜೆಯನ್ನೂ ಊರಲಾರದಿದ್ದರೆ, ಅಥವಾ ಹರಡಿನ ಎಲುಬನ್ನು ಒತ್ತಿದಾಗ ನೋವಾದರೆ ಎಕ್ಸ್‌ರೇ ಆಗಲೇಬೇಕು. ನಾಟಿ ವೈದ್ಯರಲ್ಲಿಯೂ ಅನುಭವಿಗಳಿದ್ದಾರೆ. ಆದರೆ ಒಳಗಿನ ಎಲುಬು ಕಣ್ಣಿಗೆ ಕಾಣುವುದಿಲ್ಲ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ನಮಗೆ ನಿಲುಕದಷ್ಟು ದೂರವಿಲ್ಲ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಯಾವ ಚಿಕಿತ್ಸೆ ಅದರಡಿ ಬರುತ್ತದೆಂದು ಆಸ್ಪತ್ರೆಯಲ್ಲಿ ವಿಚಾರಿಸಲು ಸಂಕೋಚವೇಕೆ?

ಚಿಕಿತ್ಸೆಗಿಂತಲೂ ಕಠಿಣವಾದುದು ಅನಂತರದ ಸಹನೆ. ನಮ್ಮ ಹುಡುಗರಿಗೆ ಅನಿಲ್ ಕುಂಬ್ಳೆಯವರ ಚಿತ್ರ ಗೊತ್ತು. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಲಾರಾರನ್ನು ಔಟ್ ಮಾಡಿದ ಆ ಚಿತ್ರವನ್ನು ಅವರು ಶೌರ್ಯದ ಮಾದರಿಯೆಂದು ಹೇಳುತ್ತಾರೆ. ಅದೇ ಕುಂಬ್ಳೆಯವರು ಆಮೇಲೆ ಬೆಂಗಳೂರಿಗೆ ಮರಳಿ ಶಸ್ತ್ರಚಿಕಿತ್ಸೆ ಪಡೆದುದನ್ನೂ, ಅದಕ್ಕೆ ಮುಂಚೆ ಭುಜದ ಶಸ್ತ್ರಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಆಟದಿಂದ ದೂರ ಉಳಿದುದನ್ನೂ ಯಾರೂ ಹೇಳುವುದಿಲ್ಲ. ಕೆ.ಎಲ್. ರಾಹುಲ್ ಅವರಿಗೆ 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ತೊಡೆಗೆ ಗಾಯವಾಯಿತು. ಶಸ್ತ್ರಚಿಕಿತ್ಸೆಯಾಯಿತು. ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್‌ನ ಫೈನಲ್ ತಪ್ಪಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ವ್ಯಾಯಾಮ ನಡೆಯಿತು. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದ ಮೇಲೂ ಮೊದಲ ಎರಡು ಪಂದ್ಯಗಳಲ್ಲಿ ಅವರು ಆಡಲಿಲ್ಲ. ಆಮೇಲೆ ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಮರಳಿದ ಮೊದಲ ಪಂದ್ಯದಲ್ಲೇ ಔಟಾಗದೆ 111 ರನ್ ಗಳಿಸಿದರು. ದೇಶದ ಆಟಗಾರನೇ ನಾಲ್ಕು ತಿಂಗಳು ಕಾಯುವಾಗ, ಗದ್ದೆಯ ಟೂರ್ನಮೆಂಟಿಗಾಗಿ ನಾಲ್ಕೇ ದಿನಗಳಲ್ಲಿ ಓಡಬೇಕೇ? ಮೊಣಕಾಲಿನ ಅಸ್ಥಿರಜ್ಜಿನ ಶಸ್ತ್ರಚಿಕಿತ್ಸೆಯಾದವರು ಮತ್ತೆ ಆಡಲು ಕನಿಷ್ಠ ಒಂಬತ್ತು ತಿಂಗಳು ಕಾಯಬೇಕೆಂಬುದು ತಜ್ಞರ ಸಾಮಾನ್ಯ ಸಲಹೆ. ಕಾಯುವುದೆಂದರೆ ಮಲಗಿರುವುದಲ್ಲ, ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮವನ್ನು ದಿನವೂ ತಪ್ಪದೆ ಮಾಡುವುದು. ಇದು ಸಬ್ರ್‌ನ ಒಂದು ರೂಪ.

ಗಾಯಾಳುಗಳ ಮನಸ್ಸನ್ನು ಇನ್ನೊಂದು ಅಳುಕು ಕಾಡುತ್ತದೆ: ನಮಾಝ್ ಹೇಗೆ? ಪ್ರವಾದಿವರ್ಯರು(ಸ) ಒಮ್ಮೆ ಮದೀನಾದಲ್ಲಿ ಕುದುರೆಯಿಂದ ಬಿದ್ದರು. ಖರ್ಜೂರದ ಮರದ ಬುಡಕ್ಕೆ ಎಸೆಯಲ್ಪಟ್ಟು ಅವರ ಪಾದದ ಕೀಲು ತಪ್ಪಿತೆಂದು ಜಾಬಿರ್(ರ) ತಿಳಿಸಿದ್ದಾರೆ. ಸಂದರ್ಶಿಸಲು ಬಂದ ಸಹಾಬಿಗಳು ಕಂಡದ್ದು, ಆಯಿಶಾ(ರ)ರ ಕೋಣೆಯಲ್ಲಿ ಕುಳಿತು ನಮಾಝ್ ಮಾಡುತ್ತಿದ್ದ ಪ್ರವಾದಿಯನ್ನು. ಪಾದಗಳು ಊದುವವರೆಗೆ ರಾತ್ರಿ ನಮಾಝ್‌ನಲ್ಲಿ ನಿಲ್ಲುತ್ತಿದ್ದ ಮಹಾನುಭಾವರು ಗಾಯವಾದಾಗ ಕುಳಿತರು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದು ದುರ್ಬಲ ಈಮಾನ್‌ನ ಲಕ್ಷಣವಲ್ಲ, ಅದೇ ಸುನ್ನತ್ತು. ರುಕೂ, ಸುಜೂದ್ ಸಾಧ್ಯವಾಗದಿದ್ದರೆ ಕುಳಿತು ತಲೆಬಾಗಿ ಸನ್ನೆ ಮಾಡಬೇಕು. ಸುಜೂದ್‌ಗೆ ರುಕೂಗಿಂತ ಹೆಚ್ಚು ಬಾಗಬೇಕು. ಕಟ್ಟು ಬಿಚ್ಚುವುದು ಅಪಾಯವಾದರೆ ವುಝೂವಿನಲ್ಲಿ ಅದರ ಮೇಲೆ ಒದ್ದೆಗೈ ಸವರಿದರೆ ಸಾಕು. ಸವಿವರವಾಗಿ ತಿಳಿಯಲು ತಮ್ಮ ಊರಿನ ಆಲಿಮರನ್ನು ಕೇಳಬಹುದು. ಎಲುಬಿನ ವಿಷಯ ವೈದ್ಯರಲ್ಲಿ, ನಮಾಝ್‌ನ ವಿಷಯ ಆಲಿಮರಲ್ಲಿ ಕೇಳುವುದೇ ಉಚಿತ.

ತಂದೆತಾಯಂದಿರಲ್ಲಿ ನಮ್ಮ ವಿನಂತಿಯೊಂದಿದೆ. ಕುಂಟುತ್ತ ಮನೆಗೆ ಬಂದ ಮಗನನ್ನು ಮೊದಲು ಕೂರಿಸಿ, ಎಲ್ಲಿ ನೋಯುತ್ತದೆಂದು ಕೇಳಿರಿ. ಬುದ್ಧಿಮಾತನ್ನು ನಾಳೆಯೂ ಹೇಳಬಹುದು. ಅಪ್ಪನಿಗೆ ಹೇಳಬಹುದೆಂಬ ಧೈರ್ಯ ಇರುವ ಮನೆಯಲ್ಲಿ ಗಾಯ ಗುಟ್ಟಾಗಿ ಬೆಳೆಯುವುದಿಲ್ಲ. ನಮ್ಮ ಮಕ್ಕಳ ಮೊಣಕಾಲುಗಳು ವೃದ್ಧಾಪ್ಯದವರೆಗೂ ಸುಜೂದ್‌ಗೆ ಬಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.