ಬೆತ್ತ, ಒನಕೆ, ಕಥೆ

ಪತ್ತೇದಾರ ಷರ್ಲಾಕ್ ಹೋಮ್ಸ್ ಸತ್ತು ಬದುಕಿ ಬಂದ ಕಥೆಯನ್ನು ನಮ್ಮಲ್ಲಿ ಹಲವರು ಓದಿರುತ್ತಾರೆ. ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಅವನನ್ನು ಸ್ವಿಟ್ಜರ್ಲೆಂಡಿನ ಜಲಪಾತದ ಬಳಿ ಕೊಂದು ಮುಗಿಸಿದ್ದ. 1903ರಲ್ಲಿ ಮತ್ತೆ ಕರೆತಂದ. ಶತ್ರುವಿನ ಹಿಡಿತದಿಂದ ಪಾರಾದದ್ದು ಹೇಗೆ ಎಂಬುದಕ್ಕೆ ಹೋಮ್ಸ್ ಕೊಡುವ ಕಾರಣ, ತನಗೆ ಗೊತ್ತಿದ್ದ 'ಬರಿಟ್ಸು' ಎಂಬ ಜಪಾನೀ ಮಲ್ಲವಿದ್ಯೆ. ಜಪಾನಿನಲ್ಲಿ ಅಂಥ ಹೆಸರಿನ ವಿದ್ಯೆ ಇರಲಿಲ್ಲ. ಇದ್ದದ್ದು ಲಂಡನ್ನಿನಲ್ಲಿ, 'ಬಾರ್ಟಿಟ್ಸು' ಎಂಬ ಹೆಸರಿನಲ್ಲಿ. ಕಥೆಯಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು.

ಆ ವಿದ್ಯೆಯನ್ನು ಕಟ್ಟಿದ ಎಡ್ವರ್ಡ್ ವಿಲಿಯಂ ಬಾರ್ಟನ್-ರೈಟ್ ಹುಟ್ಟಿದ್ದು 1860ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ತಂದೆ ರೈಲ್ವೆ ಇಂಜಿನಿಯರು. ಮಗನೂ ಇಂಜಿನಿಯರಾಗಿ ದೇಶ ಸುತ್ತಿ, ಜಪಾನಿನಲ್ಲಿ ಜುಜುತ್ಸು ಕಲಿತು, 1898ರಲ್ಲಿ ಲಂಡನ್ನಿಗೆ ಬಂದ. 'ಹೂಲಿಗನ್' ಎಂಬ ಮಾತು ಅಲ್ಲಿನ ಪತ್ರಿಕೆಗಳಲ್ಲಿ ಹರಡಿದ್ದೂ ಅದೇ ವರ್ಷ. ಬೀದಿ ಪುಂಡರಿಗೆ ಹೆದರಿದ್ದ ಮರ್ಯಾದಸ್ಥರಿಗೆ ಆತ ಜುಜುತ್ಸು, ಮುಷ್ಟಿಯುದ್ಧ, ಕುಸ್ತಿಗಳನ್ನು ಬೆರೆಸಿ, ಜೊತೆಗೆ ಸ್ವಿಸ್ ಗುರು ಪಿಯೆರ್ ವಿನ್ಯಿಯ ಬೆತ್ತದ ವರಸೆಯನ್ನೂ ಸೇರಿಸಿ ಕಲಿಸಿದ. ಕೈಯಲ್ಲಿನ ಬೆತ್ತವೇ ಆಯುಧ. ಮೈಮೇಲಿನ ಕೋಟನ್ನು ಎದುರಾಳಿಯ ತಲೆಗೆ ಎಸೆದರೆ ಅದೇ ಬಲೆ.

ಆದರೆ 1902ರ ಹೊತ್ತಿಗೆ ಅವನ ಶಾಲೆ ಮುಚ್ಚಿತು. 1951ರಲ್ಲಿ ಆತ ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಅವನ ವಿದ್ಯೆಯ ನೆನಪು ಉಳಿದದ್ದು ಅಕ್ಷರ ತಪ್ಪಿದ ಆ ಪದದಲ್ಲಿ. ಅದರ ಜಾಡು ಹಿಡಿದ ಈಚಿನವರು ಹಳೆಯ ಪತ್ರಿಕೆಗಳನ್ನು ಕೆದಕಿ, ಚಿತ್ರಗಳನ್ನು ನೋಡಿ, ಆ ವರಸೆಗಳನ್ನು ಮತ್ತೆ ಅಭ್ಯಾಸಕ್ಕೆ ತಂದಿದ್ದಾರೆ.

ಲಂಡನ್ನಿಗೆ ಹೀಗೆ ಬಂದ ಜುಜುತ್ಸುವನ್ನು ಈಡಿತ್ ಗ್ಯಾರುಡ್ ಎಂಬ ಮಹಿಳೆ 1913ರ ಸುಮಾರಿಗೆ ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರಿಗೆ ಕಲಿಸಿದರು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದವಳು ಓಬವ್ವ. ಚಿತ್ರದುರ್ಗ ನಮಗೆ ನೆರೆಯ ಜಿಲ್ಲೆ. ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾಗ, ಕಿಂಡಿಯಲ್ಲಿ ತೂರಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಕೆಡವಿದವಳು ಅವಳು. ಅವಳಿಗೆ ಯಾವ ಗರಡಿಯೂ ಇರಲಿಲ್ಲ. ದಿನವೂ ಭತ್ತ ಕುಟ್ಟಿದ ತೋಳಿತ್ತು, ಅಷ್ಟೆ. ಊರಿನ ಬಾಯಲ್ಲಿದ್ದ ಅವಳನ್ನು 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರ, ಜಯಂತಿಯವರ ಅಭಿನಯದಲ್ಲಿ, ಕನ್ನಡ ಬಲ್ಲವರ ಮನೆಮನೆಗೂ ತಲುಪಿಸಿತು. ತೆಲುಗು ಶಾಲೆಗೆ ಹೋಗುವ ನಮ್ಮ ಮಕ್ಕಳಿಗೂ ಓಬವ್ವ ಗೊತ್ತಿರುವುದು ಆ ಹಾಡಿನಿಂದಲೇ.

ಮಲಯಾಳದ ಓದುಗರಿಗೆ ಇದು ಹೊಸ ಮಾತಲ್ಲ. ಉರುಮಿ ಹಿಡಿದು ಪುಂಡರನ್ನು ಎದುರಿಸಿದ ಉಣ್ಣಿಯಾರ್ಚೆಯನ್ನು ವಡಕ್ಕನ್ ಪಾಟ್ಟುಗಳು ಕಾಪಾಡಿದವು. ಆಮೇಲೆ ಸಿನಿಮಾ ಎತ್ತಿಕೊಂಡಿತು. ಜೊತೆಗೆ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ ಮತ್ತು ಅವರ ಶಿಷ್ಯ ಸಿ. ವಿ. ನಾರಾಯಣನ್ ನಾಯರ್ ಕಳೆದ ಶತಮಾನದಲ್ಲಿ ಕಳರಿಗಳಿಗೆ ಮತ್ತೆ ಜೀವ ತುಂಬಿದರು. ಅಲ್ಲಿ ಹಾಡೂ ಇತ್ತು, ಗುರುವೂ ಇದ್ದ. ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಕಾಳಗಕ್ಕೆ ಅರಮನೆಯ ದಸರೆಯಿತ್ತು. ಊರೂರಿನ ಗರಡಿಗಳಿಗೆ ಏನಿತ್ತು?

ನಾನು ಮಡಕಶಿರಾ ಕಡೆಯವನು. ಕೆಲಸ ರಾಯದುರ್ಗದ ಬ್ಯಾಂಕೊಂದರಲ್ಲಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗೆರೆಗಳು ಸರಿದರೂ ಮನೆಯ ಮಾತು ಕನ್ನಡವೇ. ನಮ್ಮ ತಾತ ದೊಣ್ಣೆವರಸೆ ಬಲ್ಲವರು. ಮೊಹರಂ ಮೆರವಣಿಗೆಯಲ್ಲಿ ಅವರು ದೊಣ್ಣೆ ತಿರುಗಿಸಿದರೆ ಗಾಳಿ ಸುಯ್ಯೆನ್ನುತ್ತಿತ್ತು. ಸುತ್ತ ನಿಂತವರಲ್ಲಿ ಕನ್ನಡದವರು ಅದನ್ನು ದೊಣ್ಣೆವರಸೆ ಎನ್ನುತ್ತಿದ್ದರು, ತೆಲುಗಿನವರು ಕರ್ರಸಾಮು ಎನ್ನುತ್ತಿದ್ದರು. ಚಪ್ಪಾಳೆ ಮಾತ್ರ ಒಂದೇ. ಒಂದೊಂದು ಹೆಜ್ಜೆಗೂ ಒಂದೊಂದು ಏಟಿಗೂ ತಾತನ ಬಾಯಲ್ಲಿ ಕನ್ನಡದ ಹೆಸರಿತ್ತು. ದೊಣ್ಣೆ ಈಗಲೂ ಅಟ್ಟದ ಮೇಲಿದೆ. ಆ ಹೆಸರುಗಳು ತಾತನ ಜೊತೆಗೇ ಹೋದವು.

ನನ್ನ ಮಗಳು ಶಾಲೆಯಲ್ಲಿ ಕರಾಟೆ ಕಲಿಯುತ್ತಾಳೆ. ಎಣಿಕೆ ಜಪಾನಿಯಲ್ಲಿ, ವಿವರಣೆ ತೆಲುಗಿನಲ್ಲಿ. ಮೊನ್ನೆ ಮೊಣಕೈ ಏಟೊಂದನ್ನು ತೋರಿಸಿ, "ಅಪ್ಪಾ, ನಮ್ಮ ಮಾತಲ್ಲಿ ಇದಕ್ಕೇನಂತಾರೆ?" ಎಂದಳು. ಅವಳು ಕರಾಟೆ ಕಲಿಯುವುದು ನನಗೆ ಸಂತೋಷವೇ. ಹೆಣ್ಣುಮಕ್ಕಳಿಗೆ ಧೈರ್ಯ ಯಾವ ದೇಶದಿಂದ ಬಂದರೂ ಒಳ್ಳೆಯದು. ಬಾರ್ಟನ್-ರೈಟನೂ ನಾಲ್ಕು ಕಡೆಯಿಂದ ತಂದದ್ದನ್ನೇ ಕಲಿಸಿದ. ಆದರೆ ಅವಳ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಉತ್ತರವಿತ್ತು.

ಕೈಯ ವಿದ್ಯೆಗೆ ಗುರು ಬೇಕು. ಅದರ ಹೆಸರಿಗೆ ಹೇಳುವವರು ಬೇಕು. ಕಾಸರಗೋಡಿನಲ್ಲಾಗಲಿ ನಮ್ಮ ಸೀಮೆಯಲ್ಲಾಗಲಿ, ಗರಡಿಯ ಮಣ್ಣು ಮೆಟ್ಟಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ಪಕ್ಕದಲ್ಲಿ ಒಂದು ಸಂಜೆ ಕುಳಿತುಕೊಳ್ಳಿ. ವರಸೆ, ಪಟ್ಟು, ಏಟು ಒಂದೊಂದರ ಹೆಸರನ್ನೂ ಕೇಳಿ ಬರೆದಿಡಿ. ಒಂದಕ್ಷರ ತಪ್ಪಿದರೂ ಚಿಂತೆಯಿಲ್ಲ.