ಒಂದು ಟಾರ್ಚಿನ ಲೆಕ್ಕಾಚಾರ

ಮಲೆನಾಡಿನ ಹಳ್ಳಿಗಳಲ್ಲಿ ಟಾರ್ಚನ್ನು ಟಾರ್ಚು ಎಂದು ಕರೆಯುವವರು ಕಡಿಮೆ. ಅಲ್ಲಿ ಅದು ‘ಬ್ಯಾಟರಿ’. ಅದರೊಳಗೆ ಹಾಕುವುದು ‘ಸೆಲ್ಲು’. ಯಕ್ಷಗಾನದ ಆಟ ನೋಡಿ ಗದ್ದೆಯಂಚಿನ ಮೇಲೆ ಮನೆಗೆ ಮರಳುವವರ ಕೈಯಲ್ಲಿ ಮೊದಲು ಉರಿಯುತ್ತಿದ್ದುದು ಒಣಗಿದ ಗರಿಗಳ ಸೂಡಿ, ಆಮೇಲೆ ಲಾಟೀನು, ಕಡೆಗೆ ಬಂದದ್ದು ಮೂರು ಸೆಲ್ಲಿನ ಬ್ಯಾಟರಿ. ಅದನ್ನು ಹಿಡಿದ ಹಿರಿಯರು ಮಕ್ಕಳಿಗೆ ಹೇಳುತ್ತಿದ್ದ ಮಾತು ಒಂದೇ: “ಬೆಳಕು ಮೊದಲು ಕಾಲ ಬುಡಕ್ಕೆ ಬಿಡು, ಆಮೇಲೆ ದೂರಕ್ಕೆ.”

ಆ ಮಾತಿಗೆ ಕಾರಣವಿತ್ತು. ಕಟ್ಟುಹಾವು, ಕೊಳಕುಮಂಡಲಗಳು ಹೆಚ್ಚಾಗಿ ರಾತ್ರಿ ಓಡಾಡುವ ಹಾವುಗಳು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕತ್ತಲಲ್ಲಿ ಹೆಜ್ಜೆ ಇಡುವವನ ಕೈಯಲ್ಲಿ ಒಂದು ನಂಬಿಕಸ್ಥ ಬೆಳಕಿರಬೇಕು ಎಂಬುದು ಬರೀ ಅಜ್ಜಂದಿರ ಹಳೆಯ ಮಾತಲ್ಲ.

ಶಿವಮೊಗ್ಗದ ಕಡೆಯ ಒಂದು ಮನೆಯ ಮಾತು. ಬಿಎಸ್ಸಿ ಓದುವ ಮಗಳು ಮೊದಲ ಬಾರಿಗೆ ಹಿಮಾಲಯದ ಚಾರಣಕ್ಕೆ ಹೊರಟಿದ್ದಳು. ಒಯ್ಯಬೇಕಾದ ಸಾಮಾನಿನ ಪಟ್ಟಿಯಲ್ಲಿ ಶೂ, ಸ್ವೆಟರು, ರೇನ್‌ಕೋಟುಗಳ ನಂತರ, ಕೊನೆಗೆಲ್ಲೋ ‘ಟಾರ್ಚು-1’ ಎಂದಿತ್ತು. ಶೂ ಆರಿಸಲು ಮೂರು ಅಂಗಡಿ ಸುತ್ತಿದ ಅಪ್ಪ ಟಾರ್ಚಿಗಾಗಿ ಮೂರು ನಿಮಿಷವನ್ನೂ ಕಳೆಯಲಿಲ್ಲ. ಬಸ್‌ಸ್ಟ್ಯಾಂಡಿನ ಬಳಿ ಹರವಿಟ್ಟಿದ್ದ ಸಾಮಾನಿನಲ್ಲಿ ಥಳಥಳ ಹೊಳೆಯುತ್ತಿದ್ದುದೊಂದನ್ನು ತಂದರು. ಡಬ್ಬಿಯ ಮೇಲೆ ‘10,000 ಲುಮೆನ್’, ‘2 ಕಿ.ಮೀ. ದೂರ’, ‘1,200 ಎಂಎಎಚ್ ಬ್ಯಾಟರಿ’ ಎಂದು ಬರೆದಿತ್ತು.

ಮಗಳು ಕಾಗದ, ಪೆನ್ಸಿಲ್ಲು ತೆಗೆದುಕೊಂಡಳು. ಬ್ಯಾಟರಿಯಲ್ಲಿರುವ ಶಕ್ತಿ ತಿಳಿಯಲು ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಬೇಕು. 1,200 ಎಂಎಎಚ್ ಎಂದರೆ 1.2 ಆಂಪಿಯರ್-ಗಂಟೆ, ಲಿಥಿಯಂ ಕೋಶದ ವೋಲ್ಟು ಸುಮಾರು 3.7. ಗುಣಲಬ್ಧ 4.4 ವಾಟ್-ಗಂಟೆ. ಒಳ್ಳೆಯ ಎಲ್‌ಇಡಿ ಟಾರ್ಚು ಒಂದು ವಾಟಿಗೆ ಹೆಚ್ಚು ಕಡಿಮೆ 100 ಲುಮೆನ್ ಬೆಳಕು ಕೊಡುತ್ತದೆ. ಹಾಗಾದರೆ ಹತ್ತು ಸಾವಿರ ಲುಮೆನ್‌ಗೆ 100 ವಾಟು ಬೇಕು. 4.4ನ್ನು 100ರಿಂದ ಭಾಗಿಸಿದರೆ ಮೂರು ನಿಮಿಷವೂ ಬರುವುದಿಲ್ಲ! ಅಷ್ಟೇ ಅಲ್ಲ, 100 ವಾಟು ಒದಗಿಸಲು ಆ ಪುಟ್ಟ ಕೋಶ 27 ಆಂಪಿಯರ್ ಹರಿಸಬೇಕು. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವಾಟಿನದು. ಬೆಳಕಾಗಿ ಹೊರಟು ಹೋದದ್ದನ್ನು ಬಿಟ್ಟರೂ ಅಂಥ ಎರಡು ಐರನ್‌ಗಳ ಶಾಖ ಹಿಡಿಯಷ್ಟಿರುವ ಟಾರ್ಚಿನಲ್ಲಿ ಉಳಿಯುತ್ತದೆ.

ಇನ್ನು ಎರಡು ಕಿಲೋಮೀಟರಿನ ಮಾತು. ಟಾರ್ಚಿನ ಬೆಳಕು ಎಷ್ಟು ದೂರ ಹೋಗುತ್ತದೆಂದು ಅಳೆಯಲು ಒಂದು ಒಪ್ಪಿತ ಕ್ರಮವಿದೆ. ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚು ಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ, ಇಳಿಯುವ ದೂರವೇ ಅದರ ದೂರ. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ ಎಂಬ ನಿಯಮವನ್ನು ಹೈಸ್ಕೂಲಿನ ಮಕ್ಕಳೂ ಬಲ್ಲರು. ನೂರು ಮೀಟರಿಗೆ 2,500 ಕ್ಯಾಂಡೆಲಾ ಸಾಕು. ಎರಡು ಕಿಲೋಮೀಟರಿಗೆ ಹತ್ತು ಲಕ್ಷ ಬೇಕು. ಕಾಗದದ ಮೇಲಿನ ಸೊನ್ನೆಗಳನ್ನು ನೋಡಿದ ಅಪ್ಪ ನಕ್ಕುಬಿಟ್ಟರು. ಡಬ್ಬಿಯ ಮೇಲೆ ಸೊನ್ನೆ ಬರೆಯಲು ಖರ್ಚಿಲ್ಲ.

ಆದರೆ ಅವರು ಎತ್ತಿದ ಪ್ರಶ್ನೆ ನಗುವಂಥದಾಗಿರಲಿಲ್ಲ. “ಲೆಕ್ಕವೇನೋ ಸರಿ ಪುಟ್ಟೀ. ಒಳ್ಳೆಯದನ್ನೇ ಕೊಂಡೆವು ಅನ್ನು. ಬಂಡೆಯ ಮೇಲೆ ಬಿದ್ದರೆ? ಮಳೆಗೆ ನೆಂದರೆ? ಅಲ್ಲಿ ಚಾರ್ಜ್ ಮಾಡಲು ಕರೆಂಟೇ ಇಲ್ಲದಿದ್ದರೆ? ರಾತ್ರಿ ಟೆಂಟಿನಿಂದ ಹೊರಗೆ ಹೋಗಬೇಕಾದವಳು ನೀನು.” ಬೆಳಕಿನ ಲೆಕ್ಕ ಮುಗಿದ ಮೇಲೆ ಪ್ರಯಾಣದ ಟಾರ್ಚಿನ ನಿಜವಾದ ಪರೀಕ್ಷೆ ಶುರುವಾಗುವುದು ಇಲ್ಲಿಯೇ.

ಮೊದಲು ನೀರು. ಒಳ್ಳೆಯ ಟಾರ್ಚುಗಳ ಮೇಲೆ ‘ಐಪಿ’ ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ದೂಳಿನ ಪರೀಕ್ಷೆಗೆ ಅಂಕಿ ಕೊಡದಿದ್ದರೆ ಆ ಜಾಗದಲ್ಲಿ ‘ಎಕ್ಸ್’ ಎಂದಿರುತ್ತದೆ. ನೀರಿನ ಅಂಕಿ 4 ಇದ್ದರೆ ಎರಚಲು ತಡೆದೀತು. 7 ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ಹಾನಿಯಾಗುವಷ್ಟು ನೀರು ಹೋಗದು. ಸೋನೆ ಮಳೆಗೂ ಹಳ್ಳ ದಾಟುವುದಕ್ಕೂ 7 ಇದ್ದದ್ದು ಮೇಲು. ಈ ನೀರನ್ನು ತಡೆಯುವುದು ತಿರುಪಿನ ಬಳಿಯ ಒಂದು ರಬ್ಬರ್ ಬಳೆ. ಅದರಲ್ಲಿ ಮರಳು ಕೂತರೆ ಅಂಕಿ ಯಾವುದಿದ್ದರೂ ನೀರು ಒಳಹೊಕ್ಕೀತು. ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳವೂ ಹಾಗೆಯೇ. ಸಡಿಲವಾಗಿದ್ದರೆ ಆ ಟಾರ್ಚು ಬೇಡ. ಬೀಳುವ ಪರೀಕ್ಷೆಯಲ್ಲಿ ಕನಿಷ್ಠ ಒಂದು ಮೀಟರ್ ಎತ್ತರವನ್ನು ತಾಳಿದ್ದಿರಬೇಕು. ಕೈಯಲ್ಲಿ ಹಿಡಿದದ್ದು ಜಾರಿದರೆ ಬೀಳುವುದು ಸುಮಾರು ಅಷ್ಟೇ ಎತ್ತರದಿಂದ.

ಆಮೇಲೆ ಬ್ಯಾಟರಿ. ಅಗ್ಗದ ದೊಡ್ಡ ರೀಚಾರ್ಜ್ ಟಾರ್ಚುಗಳಲ್ಲಿ ಹಲವು ಬಾರಿ ಇರುವುದು ಸೀಸ-ಆಮ್ಲದ ಬ್ಯಾಟರಿ. ತೂಕ ಹೆಚ್ಚು. ಬರಿದಾದ ಮೇಲೆ ಹಾಗೆಯೇ ತಿಂಗಳುಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಬಳಸಿ ಕಪಾಟಿಗೆ ಸೇರಿಸಿದ ಟಾರ್ಚು ಈ ಮಳೆಗಾಲಕ್ಕೆ ಕಣ್ಣು ಬಿಡದಿರುವುದರ ಗುಟ್ಟು ಇದೇ. ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಟಾರ್ಚುಗಳಲ್ಲಿ ಇನ್ನೊಂದು ಅಪಾಯವೂ ಉಂಟು. ಹಲವದರಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ; ಮನೆಯ 230 ವೋಲ್ಟಿಗೂ ಒಳಗಿನ ತಂತಿಗಳಿಗೂ ನೇರ ಸಂಬಂಧವಿರುತ್ತದೆ. ಒಡೆದ ಟಾರ್ಚನ್ನು ಚಾರ್ಜಿಗೆ ಹಾಕಿ ಮುಟ್ಟಿದವರಿಗೆ ಶಾಕ್ ತಪ್ಪಿದ್ದಲ್ಲ. ಚಾರ್ಜಿಗಿಟ್ಟ ಟಾರ್ಚನ್ನು ಮಕ್ಕಳು ಹೊತ್ತಿಸಿ ಆಡದಂತೆ ನೋಡಿಕೊಳ್ಳುವುದು ದೊಡ್ಡವರ ಹೊಣೆ.

ಪ್ರಯಾಣಕ್ಕೆ ಹೊಂದುವುದು ಲಿಥಿಯಂ-ಅಯಾನ್. ಅಂಗಡಿಗಳಲ್ಲಿ ‘18650’ ಎಂದು ಕರೆಯುವ ಕೋಶದ ಹೆಸರಿನಲ್ಲಿಯೇ ಅದರ ಅಳತೆಯಿದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಕೊನೆಯ ಸೊನ್ನೆ ಉರುಳೆಯಾಕಾರಕ್ಕೆ. ಒಳ್ಳೆಯ ಕೋಶಗಳ ಸಾಮರ್ಥ್ಯ ಸಾಮಾನ್ಯವಾಗಿ 2,500ರಿಂದ 3,500 ಎಂಎಎಚ್. ಅದೇ ಗಾತ್ರದ ಮೇಲೆ 9,900 ಎಂದು ಬರೆದಿದ್ದರೆ ಅದೂ ಬಸ್‌ಸ್ಟ್ಯಾಂಡಿನ ಸೊನ್ನೆಗಳ ಜಾತಿಗೇ ಸೇರಿದ್ದು. ಬಿಐಎಸ್ ಗುರುತನ್ನೂ, ಲಿಥಿಯಂ ಕೋಶಗಳಿಗೆ ಅನ್ವಯಿಸುವ ಐಎಸ್ 16046 ಎಂಬ ಸಂಖ್ಯೆಯನ್ನೂ ನೋಡಿ ಕೊಳ್ಳುವುದು ಕ್ಷೇಮ. ಕೋಶವನ್ನು ಹೊರತೆಗೆಯಲು ಬರುವ ಟಾರ್ಚಾದರೆ ಇನ್ನೂ ಒಳ್ಳೆಯದು. ಕರೆಂಟಿಲ್ಲದ ಕಡೆ ಚಾರ್ಜ್ ಮಾಡಿಟ್ಟ ಇನ್ನೊಂದು ಕೋಶ ಜೊತೆಗಿರಬಹುದು. “ಮೂರು ಸೆಲ್ಲು ಒಳಗಿದ್ದರೆ ಮೂರು ಚೀಲದಲ್ಲಿರಬೇಕು” ಎಂದು ಆ ಮನೆಯ ಅಜ್ಜ ಕೂತಲ್ಲಿಂದಲೇ ಹೇಳಿದ್ದು ಇದನ್ನೇ. ಬಿಡಿ ಕೋಶವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ಜೇಬಿನ ಬೀಗದ ಕೈಯೋ ನಾಣ್ಯವೋ ಅದರ ಎರಡು ತುದಿಗಳನ್ನು ಸೇರಿಸಿದರೆ ಬೆಂಕಿ ಹತ್ತೀತು. ವಿಮಾನದಲ್ಲಿ ಹೋಗುವವರು ಬಿಡಿ ಕೋಶಗಳನ್ನು ಕೈಚೀಲದಲ್ಲೇ ಒಯ್ಯಬೇಕೆಂಬ ನಿಯಮಕ್ಕೂ ಇದೇ ಕಾರಣ.

ಈ ಅಂಗೈಯಗಲದ ಸಾಧನದಲ್ಲಿ ಎರಡು ನೊಬೆಲ್ ಪ್ರಶಸ್ತಿಗಳು ಅಡಗಿವೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಿಳಿ ಎಲ್‌ಇಡಿಗೆ ದಾರಿ ಮಾಡಿದ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತವಿಜ್ಞಾನ ಪ್ರಶಸ್ತಿ ಬಂತು. ಲಿಥಿಯಂ-ಅಯಾನ್ ಬ್ಯಾಟರಿಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನ ಪ್ರಶಸ್ತಿ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ.

ಕೊಂಡ ಮೇಲೆ ಬಳಸುವ ವಿವೇಕವೂ ಬೇಕು. ಹಾದಿ ನಡೆಯಲು 50ರಿಂದ 100 ಲುಮೆನ್ ಧಾರಾಳ. 9 ವಾಟ್-ಗಂಟೆಯ ಕೋಶ 100 ಲುಮೆನ್‌ನಲ್ಲಿ ಎಂಟು-ಒಂಬತ್ತು ಗಂಟೆ ಬಂದರೆ, ಸಾವಿರ ಲುಮೆನ್‌ನಲ್ಲಿ ಒಂದು ಗಂಟೆಯೂ ಬಾರದು. ಡಬ್ಬಿಯ ಮೇಲಿನ ‘ಇಷ್ಟು ಗಂಟೆ’ ಎಂಬುದು ಬಹುಮಟ್ಟಿಗೆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಲೆಕ್ಕವೆಂಬುದನ್ನೂ ಮರೆಯಬಾರದು. ಮಂಜಿನಲ್ಲಿ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಹನಿಗಳಿಂದ ಚದುರಿದ ಬೆಳಕು ಕಣ್ಣಿಗೇ ಮರಳುತ್ತದೆ. ಸೊಂಟದ ಮಟ್ಟಕ್ಕೆ ಇಳಿಸಿದರೆ ದಾರಿ ಕಾಣುತ್ತದೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಕೋಶವನ್ನು ಚಾರ್ಜ್ ಮಾಡಬಾರದು. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಜೊತೆಯವರ ಮುಖಕ್ಕೆ ಒಮ್ಮೆ ಬೆಳಕು ಬಿಟ್ಟರೆ ಅದಿಷ್ಟೂ ಹಾಳು.

ಮಕ್ಕಳನ್ನು ಪ್ರವಾಸಕ್ಕೆ ಕಳಿಸುವ ತಂದೆತಾಯಿಗಳು ಹೊರಡುವ ಒಂದು ವಾರ ಮೊದಲೇ ಈ ಪರೀಕ್ಷೆಗಳನ್ನು ಮಕ್ಕಳಿಂದಲೇ ಮಾಡಿಸಬಹುದು. ಟಾರ್ಚನ್ನು ಪೂರ್ತಿ ಚಾರ್ಜ್ ಮಾಡಿ, ಕತ್ತಲೆ ಕೋಣೆಯಲ್ಲಿ ಸಾಧಾರಣ ಬೆಳಕಿಗೆ ಹೊತ್ತಿಸಿಟ್ಟು, ಗಂಟೆಗೊಮ್ಮೆ ನೋಡಿ ಬರೆದಿಡಬೇಕು. ನೀರಿನ ಅಂಕಿ 7 ಎಂದಿದ್ದರೆ ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿ ನೋಡಬೇಕು. ಮನೆಯಲ್ಲಿ ಕೆಟ್ಟರೆ ರಸೀದಿ ಹಿಡಿದು ಅಂಗಡಿಗೆ ಹೋಗಬಹುದು, ಬೆಟ್ಟದ ಮೇಲೆ ಕೆಟ್ಟರೆ ಹೋಗುವುದೆಲ್ಲಿಗೆ? ಕಣ್ಣು ಮುಚ್ಚಿಕೊಂಡು, ಚೀಲದ ಯಾವ ಜೇಬಿನಲ್ಲಿದೆಯೆಂದು ತಡವಿ ತೆಗೆದು ಹೊತ್ತಿಸುವ ಅಭ್ಯಾಸವೂ ಆಗಬೇಕು. ಟಾರ್ಚು ಬೇಕಾಗುವ ಹೊತ್ತಿನಲ್ಲಿ ಅದನ್ನು ಹುಡುಕಲು ಬೆಳಕಿರುವುದಿಲ್ಲ.